ಕ್ರಿಶ್ಚಿಯನ್ ಡಾಪ್ಲರ್

ಮಾವಿನ ಸಸಿಯನ್ನು ನೆಟ್ಟವನೇ ಅದರ ಹಣ್ಣನ್ನು ತಿನ್ನಬೇಕೆಂಬ ನಿಯಮವಿಲ್ಲ. ಅಜ್ಜ ನೆಟ್ಟ ಮರದ ಹಣ್ಣನ್ನು ಮೊಮ್ಮಕ್ಕಳು ತಿನ್ನುವುದು ಲೋಕರೂಢಿ. ವಿಜ್ಞಾನದ ತೋಟದಲ್ಲಿಯೂ ಹೀಗೆಯೇ. ಒಬ್ಬನು ತನ್ನ ಆಯುಷ್ಯವನ್ನು ತೇಯ್ದು ಒಂದು ಸತ್ಯವನ್ನು ಕಾಣುತ್ತಾನೆ. ಆ ಸತ್ಯವು ಯಾವ ಕಾಲಕ್ಕೆ, ಯಾವ ನಾಡಿನಲ್ಲಿ, ಯಾರ ಉಪಯೋಗಕ್ಕೆ ಬಂದೀತೆಂಬುದು ಆತನಿಗೆ ತಿಳಿದಿರುವುದಿಲ್ಲ.

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಯಾವುದೋ ಹಳ್ಳಿಯಲ್ಲಿ ಒಬ್ಬ ರೈತನಿಗೆ ಹೃದಯಾಘಾತವಾಯಿತೆಂದು ಇಟ್ಟುಕೊಳ್ಳಿ. ಆತನನ್ನು ದೊಡ್ಡ ಆಸ್ಪತ್ರೆಗೆ ಸೇರಿಸಿದ ಮೇಲೆ ವೈದ್ಯರು ಒಂದು ಪರೀಕ್ಷೆಯನ್ನು ಮಾಡುತ್ತಾರೆ. ಜನರು ಅದನ್ನು ‘ಎಕೋ’ ಎಂದು ಕರೆಯುತ್ತಾರೆ. ಎಕೋ ಎಂದರೆ ಪ್ರತಿಧ್ವನಿ. ರೋಗಿಯ ಎದೆಯ ಮೇಲೆ ಒಂದು ಚಿಕ್ಕ ಉಪಕರಣವನ್ನು ಒತ್ತಿ ಹಿಡಿದಾಗ, ಮಿಡಿಯುತ್ತಿರುವ ಹೃದಯವು ಪರದೆಯ ಮೇಲೆ ಕಾಣುತ್ತದೆ. ಅದರೊಳಗೆ ಹರಿಯುವ ರಕ್ತವು ಕೆಂಪು, ನೀಲಿ ಬಣ್ಣಗಳಲ್ಲಿ ಮಿನುಗುತ್ತದೆ. ಬಣ್ಣದ ಈ ಚಿತ್ರಣಕ್ಕೆ ‘ಡಾಪ್ಲರ್’ ಎಂಬ ಹೆಸರುಂಟು. ಡಾಪ್ಲರ್ ಎಂಬುದು ಯಂತ್ರದ ಹೆಸರಲ್ಲ, ಒಬ್ಬ ಮನುಷ್ಯನ ಹೆಸರು. ಆತನು ವೈದ್ಯನಾಗಿರಲಿಲ್ಲ. ನಕ್ಷತ್ರಗಳ ಬಣ್ಣವನ್ನು ಕುರಿತು ಚಿಂತಿಸಿದ ಒಬ್ಬ ಗಣಿತದ ಅಧ್ಯಾಪಕನಾಗಿದ್ದನು. ನಕ್ಷತ್ರಗಳ ಬಗೆಗೆ ಆತನು ಹೇಳಿದ ಮಾತು ಅಷ್ಟಾಗಿ ಸರಿಯಾಗಲಿಲ್ಲ. ಆದರೆ ಆ ಮಾತಿನ ಹಿಂದಿದ್ದ ತತ್ತ್ವ ಎಂದೂ ಸುಳ್ಳಾಗಲಿಲ್ಲ. ಆತನ ಬಾಳಿನ ಕಥೆ ಇದು.

ಕ್ರಿಶ್ಚಿಯನ್ ಡಾಪ್ಲರನು 1803ರ ನವೆಂಬರ್ 29ರಂದು ಇಂದಿನ ಆಸ್ಟ್ರಿಯಾ ದೇಶದ ಸಾಲ್ಜ್‌ಬರ್ಗ್ ನಗರದಲ್ಲಿ ಹುಟ್ಟಿದನು. ಹಿರಿಯ ಸಂಗೀತಗಾರನಾದ ಮೊಟ್ಸಾರ್ಟನ ಕುಟುಂಬವು ಹಿಂದೆ ವಾಸವಾಗಿದ್ದ ಮನೆಯೂ ಡಾಪ್ಲರನ ಮನೆಯೂ ಒಂದೇ ಚೌಕದಲ್ಲಿದ್ದವು. ಡಾಪ್ಲರನ ಮನೆತನದವರು ಕಲ್ಲುಕುಟಿಗರು. ಹದಿನೇಳನೆಯ ಶತಮಾನದಿಂದಲೂ ಕಲ್ಲು ಕೆತ್ತುವುದು ಆ ಮನೆತನದ ಕುಲಕಸುಬಾಗಿತ್ತು. ಉಳಿ ಸುತ್ತಿಗೆಗಳ ಸದ್ದಿನ ನಡುವೆ ಬೆಳೆದ ಹುಡುಗನೂ ಅದೇ ಕಸುಬನ್ನು ಹಿಡಿಯಬೇಕಾಗಿತ್ತು. ಆದರೆ ಆತನು ಹುಟ್ಟಿನಿಂದಲೇ ಕೃಶಕಾಯನು. ಬಂಡೆಯನ್ನು ಎತ್ತಿ ಕೆತ್ತುವ ಬಲ ಆ ಶರೀರದಲ್ಲಿರಲಿಲ್ಲ. ದೇಹದ ಈ ದೌರ್ಬಲ್ಯವೇ ಆತನನ್ನು ಶಾಲೆಯ ಕಡೆಗೆ ತಿರುಗಿಸಿತು.

ಸಾಲ್ಜ್‌ಬರ್ಗಿನಲ್ಲಿ ಸೈಮನ್ ಸ್ಟಾಂಫರ್ ಎಂಬ ಗಣಿತದ ಪ್ರಾಧ್ಯಾಪಕನಿದ್ದನು. ತಂದೆಯು ಮಗನ ಮುಂದಿನ ದಾರಿಯೇನೆಂದು ಆತನ ಸಲಹೆಯನ್ನು ಕೇಳಿದನು. ಹುಡುಗನ ಗಣಿತಶಕ್ತಿಯನ್ನು ಗುರುತಿಸಿದ ಸ್ಟಾಂಫರನು ಆತನನ್ನು ವಿಯೆನ್ನಾ ನಗರದ ಪಾಲಿಟೆಕ್ನಿಕ್ ಸಂಸ್ಥೆಗೆ ಕಳುಹಿಸುವಂತೆ ಹೇಳಿದನು. ಡಾಪ್ಲರನು 1822ರಿಂದ 1825ರವರೆಗೆ ಅಲ್ಲಿ ಓದಿದನು. ಮತ್ತೆ ಊರಿಗೆ ಮರಳಿ ತತ್ತ್ವಶಾಸ್ತ್ರವನ್ನು ಅಭ್ಯಾಸ ಮಾಡಿದನು. ಬಳಿಕ ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ ಉಚ್ಚ ಗಣಿತ, ಯಂತ್ರಶಾಸ್ತ್ರ, ಖಗೋಳಶಾಸ್ತ್ರಗಳನ್ನು ಕಲಿತನು. 1829ರಲ್ಲಿ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಗಣಿತದ ಸಹಾಯಕ ಅಧ್ಯಾಪಕನಾಗಿ ನೇಮಕಗೊಂಡನು. ಆದರೆ ಅದು ನಾಲ್ಕು ವರ್ಷಗಳ ಅವಧಿಯ ಹುದ್ದೆ. ಅವಧಿ ಮುಗಿದೊಡನೆ ಡಾಪ್ಲರನು ನಿರುದ್ಯೋಗಿಯಾದನು.

ಆತನಿಗೆ ಆಗ ಮೂವತ್ತು ವರ್ಷ. ಎಲ್ಲೆಲ್ಲಿ ಅಧ್ಯಾಪಕನ ಹುದ್ದೆ ತೆರವಾಯಿತೋ ಅಲ್ಲೆಲ್ಲ ಅರ್ಜಿ ಹಾಕಿದನು. ಸ್ಪರ್ಧಾ ಪರೀಕ್ಷೆಗಳಿಗೆ ಕುಳಿತನು. ಫಲಿತಾಂಶ ಬರುವುದಕ್ಕೆ ತಿಂಗಳುಗಳೇ ಹಿಡಿಯುತ್ತಿದ್ದವು. ಹೊಟ್ಟೆಪಾಡಿಗಾಗಿ ಆತನು ಒಂದು ಹತ್ತಿಯ ನೂಲಿನ ಗಿರಣಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದನು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಮ್ಮ ಗೋಕಾಕ ಜಲಪಾತದ ದಂಡೆಯಲ್ಲಿಯೂ ಇಂಥದೇ ಒಂದು ಹತ್ತಿಯ ಗಿರಣಿ ಎದ್ದಿತು. ಅಂಥ ಗಿರಣಿಯ ಗದ್ದಲದಲ್ಲಿ, ಖಗೋಳಶಾಸ್ತ್ರವನ್ನು ಓದಿದ ಒಬ್ಬ ವಿದ್ವಾಂಸನು ಸುಮಾರು ಒಂದೂವರೆ ವರ್ಷ ಜಮಾಖರ್ಚಿನ ಪುಸ್ತಕದ ಮುಂದೆ ಕುಳಿತಿದ್ದನೆಂಬುದನ್ನು ನೆನೆದರೆ ಮನಸ್ಸಿಗೆ ಖೇದವಾಗುತ್ತದೆ.

ಕಡೆಗೆ ಆತನು ತಾಯ್ನಾಡಿನ ಆಸೆಯನ್ನೇ ಬಿಟ್ಟು ಅಮೆರಿಕಕ್ಕೆ ಹೋಗಲು ನಿರ್ಧರಿಸಿದನು. ತನ್ನಲ್ಲಿದ್ದ ಸಾಮಾನುಗಳನ್ನು ಮಾರಿದನು. ಮ್ಯೂನಿಕ್ ನಗರಕ್ಕೆ ಹೋಗಿ ಅಮೆರಿಕದ ರಾಯಭಾರ ಕಚೇರಿಯ ಅಧಿಕಾರಿಯನ್ನು ಕಂಡನು. ಅಷ್ಟರಲ್ಲಿ, 1835ರಲ್ಲಿ, ಪ್ರಾಗ್ ನಗರದ ಒಂದು ತಾಂತ್ರಿಕ ಪ್ರೌಢಶಾಲೆಯಲ್ಲಿ ಗಣಿತದ ಅಧ್ಯಾಪಕನ ಹುದ್ದೆ ಆತನಿಗೆ ದೊರೆಯಿತು. ಪ್ರಯಾಣ ನಿಂತಿತು. ಮರುವರ್ಷ ಮಟಿಲ್ಡಾ ಸ್ಟುರ್ಮ್ ಎಂಬಾಕೆಯನ್ನು ಆತನು ಮದುವೆಯಾದನು. ಈ ದಂಪತಿಗಳಿಗೆ ಐವರು ಮಕ್ಕಳಾದರು. ಶಾಲೆಯ ಕೆಲಸದೊಡನೆ ಪ್ರಾಗಿನ ಪಾಲಿಟೆಕ್ನಿಕ್ಕಿನಲ್ಲಿಯೂ ಕೆಲವು ಗಂಟೆಗಳ ಪಾಠವನ್ನು ಹೇಳುತ್ತಿದ್ದ ಡಾಪ್ಲರನು 1841ರಲ್ಲಿ ಅಲ್ಲಿಯೇ ಪೂರ್ಣಾವಧಿಯ ಪ್ರಾಧ್ಯಾಪಕನಾದನು.

ಅದರ ಮರುವರ್ಷವೇ ಆತನ ಬಾಳಿನ ಮಹತ್ತ್ವದ ದಿನ ಬಂದಿತು. 1842ರ ಮೇ 25ರಂದು ಪ್ರಾಗಿನ ರಾಯಲ್ ಬೊಹೀಮಿಯನ್ ವಿಜ್ಞಾನ ಸಂಘದ ಸಭೆಯಲ್ಲಿ ಆತನು ಒಂದು ಪ್ರಬಂಧವನ್ನು ಓದಿದನು. ಜೋಡಿ ನಕ್ಷತ್ರಗಳ ಬಣ್ಣದ ಬೆಳಕು ಅದರ ವಿಷಯವಾಗಿತ್ತು. ಅದನ್ನು ಕೇಳಲು ಬಂದವರು ಬೆರಳೆಣಿಕೆಯ ಮಂದಿ ಮಾತ್ರ. ವಿಜ್ಞಾನದ ಒಂದು ದೊಡ್ಡ ತತ್ತ್ವವು ಹೀಗೆ ಸದ್ದುಗದ್ದಲವಿಲ್ಲದೆ ಲೋಕಕ್ಕೆ ಬಂದಿತು.

ಆ ತತ್ತ್ವವೇನು? ಘಟಪ್ರಭಾ ನಿಲ್ದಾಣದ ಆಚೆ ಹಳಿಯಿಂದ ಸಾಕಷ್ಟು ದೂರದಲ್ಲಿ ನಿಂತು, ಸೀಟಿ ಹಾಕುತ್ತ ಬರುವ ರೈಲುಗಾಡಿಯನ್ನು ಗಮನಿಸಿರಿ. ಗಾಡಿ ನಮ್ಮತ್ತ ಬರುವಾಗ ಸೀಟಿಯ ಧ್ವನಿ ಏರಿದ ಶ್ರುತಿಯಲ್ಲಿ ಕೇಳುತ್ತದೆ. ನಮ್ಮನ್ನು ದಾಟಿ ದೂರ ಸರಿದೊಡನೆ ಶ್ರುತಿ ತಟ್ಟನೆ ಇಳಿಯುತ್ತದೆ. ಸೀಟಿಯಂತೂ ಬದಲಾಗಿಲ್ಲ, ಗಾಡಿಯಲ್ಲಿ ಕುಳಿತವನಿಗೆ ಅದು ಒಂದೇ ಸಮನಾಗಿ ಕೇಳುತ್ತಿರುತ್ತದೆ. ಹಾಗಾದರೆ ನಮಗೇಕೆ ಬೇರೆಯಾಗಿ ಕೇಳಿತು? ಧ್ವನಿಯು ಗಾಳಿಯಲ್ಲಿ ಅಲೆಅಲೆಯಾಗಿ ಸಾಗುತ್ತದೆ. ಗಾಡಿ ನಮ್ಮತ್ತ ಬರುತ್ತಿರುವಾಗ ಪ್ರತಿಯೊಂದು ಅಲೆಯೂ ಹಿಂದಿನದಕ್ಕಿಂತ ಹೆಚ್ಚು ಸಮೀಪದಿಂದ ಹೊರಡುತ್ತದೆ. ಆದುದರಿಂದ ಅಲೆಗಳು ಒತ್ತೊತ್ತಾಗಿ ಬಂದು ಕಿವಿಯನ್ನು ಮುಟ್ಟುತ್ತವೆ. ದೂರ ಸರಿಯುವಾಗ ಅವು ವಿರಳವಾಗುತ್ತವೆ. ಗಾಡಿಯು ಗಂಟೆಗೆ 72 ಕಿಲೋಮೀಟರ್, ಎಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಓಡುತ್ತಿರಲಿ. ಸೀಟಿಯು ಸೆಕೆಂಡಿಗೆ 400 ಬಾರಿ ಕಂಪಿಸುತ್ತಿರಲಿ. ಧ್ವನಿಯ ವೇಗವು ಸೆಕೆಂಡಿಗೆ 340 ಮೀಟರ್ ಎಂದು ಹಿಡಿದರೆ, ಗಾಡಿ ಬರುವಾಗ ನಮಗೆ ಸೆಕೆಂಡಿಗೆ 425 ಕಂಪನಗಳೂ ಹೋಗುವಾಗ ಸುಮಾರು 378 ಕಂಪನಗಳೂ ತಲುಪುತ್ತವೆ. ಈ ವ್ಯತ್ಯಾಸವನ್ನು ಅಳೆದರೆ, ಕಣ್ಣು ಮುಚ್ಚಿಕೊಂಡೇ ಗಾಡಿಯ ವೇಗವನ್ನು ಹೇಳಬಹುದು. ಡಾಪ್ಲರನ ತತ್ತ್ವದ ತಿರುಳು ಇಷ್ಟೇ.

ಬೆಳಕೂ ಅಲೆಯ ರೂಪದಲ್ಲಿ ಸಾಗುವುದರಿಂದ ಅದಕ್ಕೂ ಈ ತತ್ತ್ವ ಅನ್ವಯಿಸಬೇಕೆಂದು ಡಾಪ್ಲರನು ತರ್ಕಿಸಿದನು. ನಮ್ಮತ್ತ ಧಾವಿಸುವ ನಕ್ಷತ್ರದ ಬೆಳಕು ನೀಲಿಯ ಕಡೆಗೂ ದೂರ ಸರಿಯುವ ನಕ್ಷತ್ರದ ಬೆಳಕು ಕೆಂಪಿನ ಕಡೆಗೂ ವಾಲುತ್ತದೆ ಎಂಬುದು ಆತನ ನಿರ್ಣಯ. ಒಂದನ್ನೊಂದು ಸುತ್ತುವ ಜೋಡಿ ನಕ್ಷತ್ರಗಳು ಬೇರೆ ಬೇರೆ ಬಣ್ಣಗಳಲ್ಲಿ ಕಾಣುವುದಕ್ಕೆ ಇದೇ ಕಾರಣವೆಂದು ಆತನು ಭಾವಿಸಿದನು.

ಈ ಮಾತನ್ನು ಪರೀಕ್ಷಿಸಲು ಮುಂದಾದವನು ಹಾಲೆಂಡಿನ ತರುಣ ವಿಜ್ಞಾನಿ ಬಾಯ್ಸ್ ಬ್ಯಾಲಟ್. ನಕ್ಷತ್ರಗಳನ್ನು ಹಿಡಿದು ಪರೀಕ್ಷಿಸುವುದು ಸಾಧ್ಯವಿರಲಿಲ್ಲ. ಆದರೆ ಆಗತಾನೆ ಬಂದಿದ್ದ ರೈಲುಗಾಡಿ ಕೈಗೆ ಸಿಗುವಂತಿತ್ತು. 1845ರ ಫೆಬ್ರವರಿಯಲ್ಲಿ ಆತನು ಮಾಡಿದ ಮೊದಲ ಪ್ರಯತ್ನವು ಹಿಮದ ಹಾವಳಿಯಿಂದ ಕೆಟ್ಟಿತು. ಜೂನ್ ತಿಂಗಳಲ್ಲಿ ಉಟ್ರೆಕ್ಟ್ ನಗರದ ಬಳಿಯ ರೈಲುಮಾರ್ಗದಲ್ಲಿ ಮತ್ತೆ ಪ್ರಯೋಗವನ್ನು ಏರ್ಪಡಿಸಿದನು. ತೆರೆದ ಬಂಡಿಯ ಮೇಲೆ ಕಹಳೆ ಊದುವವರನ್ನು ನಿಲ್ಲಿಸಿ ಇಂಜಿನ್ನಿನಿಂದ ಎಳೆಯಿಸಿದನು. ಶ್ರುತಿಜ್ಞಾನವುಳ್ಳ ಸಂಗೀತಗಾರರನ್ನು ಹಳಿಯ ಬದಿಯಲ್ಲಿ ನಿಲ್ಲಿಸಿದನು. ಬಂಡಿ ಬರುವಾಗ ಶ್ರುತಿ ಏರಿತು, ಹೋಗುವಾಗ ಇಳಿಯಿತು. ಡಾಪ್ಲರನ ತತ್ತ್ವ ಧ್ವನಿಯ ಮಟ್ಟಿಗೆ ಸತ್ಯವೆಂದು ಸ್ಥಿರಪಟ್ಟಿತು.

ಆದರೆ ನಕ್ಷತ್ರಗಳ ಬಣ್ಣಕ್ಕೆ ಡಾಪ್ಲರನು ಕೊಟ್ಟ ವಿವರಣೆಯನ್ನು ಬಾಯ್ಸ್ ಬ್ಯಾಲಟನು ಒಪ್ಪಲಿಲ್ಲ. ಇದರಲ್ಲಿ ಆತನ ಆಕ್ಷೇಪಣೆ ನ್ಯಾಯವಾದುದೇ ಆಗಿತ್ತು. ನಕ್ಷತ್ರದ ಬಣ್ಣವು ಮುಖ್ಯವಾಗಿ ಅದರ ಮೇಲ್ಮೈಯ ಉಷ್ಣತೆಯನ್ನು ಅವಲಂಬಿಸುತ್ತದೆ, ವೇಗವನ್ನಲ್ಲ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುತ್ತದೆ. ನಮ್ಮ ಸುತ್ತಣ ನಕ್ಷತ್ರಗಳ ವೇಗವಾದರೋ ಸಾಮಾನ್ಯವಾಗಿ ಸೆಕೆಂಡಿಗೆ ಕೆಲವು ಹತ್ತು ಕಿಲೋಮೀಟರುಗಳು. ಅಷ್ಟು ಅಲ್ಪ ವೇಗದಿಂದ ಉಂಟಾಗುವ ಬದಲಾವಣೆಯನ್ನು ಬರಿಯ ಕಣ್ಣು ಗುರುತಿಸಲಾರದು. ಹೀಗೆ ಡಾಪ್ಲರನ ತತ್ತ್ವ ಸರಿ, ಆತನು ಅದನ್ನು ಅನ್ವಯಿಸಿದ ಉದಾಹರಣೆ ತಪ್ಪು. ವಿಜ್ಞಾನದಲ್ಲಿ ಇಂಥ ಪ್ರಸಂಗಗಳು ಅಪರೂಪವಲ್ಲ. ಕಾಳಿನೊಡನೆ ಹೊಟ್ಟೂ ಬರುತ್ತದೆ. ತೂರಿ ಬೇರ್ಪಡಿಸುವ ಕೆಲಸವನ್ನು ಮುಂದಿನವರು ಮಾಡುತ್ತಾರೆ.

ಇತ್ತ ಪ್ರಾಗಿನಲ್ಲಿ ಡಾಪ್ಲರನ ಬದುಕು ಸುಖಕರವಾಗಿರಲಿಲ್ಲ. ತರಗತಿಗಳು ತುಂಬಿ ತುಳುಕುತ್ತಿದ್ದವು. ನೂರಾರು ವಿದ್ಯಾರ್ಥಿಗಳನ್ನು ಬಾಯಿಯಿಂದಲೂ ಬರೆಹದಿಂದಲೂ ಆತನೊಬ್ಬನೇ ಪರೀಕ್ಷಿಸಬೇಕಾಗಿತ್ತು. ಆತನ ಪರೀಕ್ಷೆ ಬಲು ಕಠಿಣವೆಂದು ದೂರುಗಳು ಹೋದವು; ಮೇಲಿನವರಿಂದ ಆಕ್ಷೇಪಣೆಯೂ ಬಂದಿತು. ದುಡಿಮೆಯ ಭಾರಕ್ಕೆ ಮೊದಲೇ ದುರ್ಬಲವಾಗಿದ್ದ ದೇಹ ಕುಸಿಯಿತು. ಶ್ವಾಸಕೋಶದ ರೋಗ ಆತನನ್ನು ಹಿಡಿಯಿತು. 1847ರಲ್ಲಿ, ಈಗ ಸ್ಲೊವಾಕಿಯಾ ದೇಶದಲ್ಲಿರುವ ಶೆಮ್ನಿಟ್ಸ್ ಎಂಬ ಊರಿನ ಗಣಿಗಾರಿಕೆಯ ವಿದ್ಯಾಲಯಕ್ಕೆ ಆತನು ಪ್ರಾಧ್ಯಾಪಕನಾಗಿ ಹೋದನು. ಮರುವರ್ಷವೇ ಆ ಸೀಮೆಯಲ್ಲೆಲ್ಲ ಕ್ರಾಂತಿಯ ಕಿಚ್ಚು ಹಬ್ಬಿತು. ಸಂಸಾರವನ್ನು ಕಟ್ಟಿಕೊಂಡು ಆತನು 1849ರಲ್ಲಿ ವಿಯೆನ್ನಾಕ್ಕೆ ಬಂದನು. ಹಿಂದೊಮ್ಮೆ ತನಗೆ ದಾರಿ ತೋರಿದ ಸ್ಟಾಂಫರನು ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ತೆರವು ಮಾಡಿದ ಪೀಠವೇ ಆತನಿಗೆ ದೊರೆಯಿತು.

1850ರಲ್ಲಿ ಚಕ್ರವರ್ತಿ ಫ್ರಾನ್ಸ್ ಜೋಸೆಫನು ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ ಹೊಸದಾಗಿ ಸ್ಥಾಪಿಸಿದ ಭೌತಶಾಸ್ತ್ರ ಸಂಸ್ಥೆಗೆ ಡಾಪ್ಲರನನ್ನು ಮೊದಲ ನಿರ್ದೇಶಕನನ್ನಾಗಿ ನೇಮಿಸಿದನು. ಕಲ್ಲುಕುಟಿಗನ ಮಗನಿಗೆ, ಗಿರಣಿಯಲ್ಲಿ ಲೆಕ್ಕ ಬರೆದವನಿಗೆ, ಇದು ಸಣ್ಣ ಗೌರವವಲ್ಲ. ಅಲ್ಲಿ ಆತನ ಪಾಠವನ್ನು ಕೇಳಿದವರಲ್ಲಿ ಗ್ರೆಗರ್ ಮೆಂಡಲ್ ಎಂಬ ಒಬ್ಬ ತರುಣ ಸಂನ್ಯಾಸಿಯೂ ಇದ್ದನು. ಮುಂದೆ ಬಟಾಣಿ ಗಿಡಗಳನ್ನು ಬೆಳೆಸಿ ಅನುವಂಶೀಯತೆಯ ನಿಯಮಗಳನ್ನು ಕಂಡುಹಿಡಿದ ಮೆಂಡಲನು ಆತನೇ. ಗುರುವಿನಂತೆ ಶಿಷ್ಯನೂ ತನ್ನ ಕೆಲಸಕ್ಕೆ ತಕ್ಕ ಮನ್ನಣೆಯನ್ನು ಕಣ್ಣಾರೆ ಕಾಣಲಿಲ್ಲವೆಂಬುದು ಇಲ್ಲಿ ನೆನೆಯತಕ್ಕ ಸಂಗತಿ.

ಮನ್ನಣೆಯ ಬೆನ್ನಹಿಂದೆಯೇ ಅಪಮಾನವೂ ಬಂದಿತು. ವಿಯೆನ್ನಾದಲ್ಲಿ ಜೋಸೆಫ್ ಪೆಟ್ಸ್‌ವಾಲ್ ಎಂಬ ಪ್ರಸಿದ್ಧ ಗಣಿತಜ್ಞನಿದ್ದನು. ಛಾಯಾಗ್ರಹಣದ ಮಸೂರವನ್ನು ರೂಪಿಸಿ ಆತನು ಕೀರ್ತಿಯನ್ನು ಪಡೆದಿದ್ದನು. 1852ರಲ್ಲಿ ವಿಜ್ಞಾನ ಅಕಾಡೆಮಿಯ ಸಭೆಗಳಲ್ಲಿ ಆತನು ಡಾಪ್ಲರನ ತತ್ತ್ವವನ್ನು ಬಹಿರಂಗವಾಗಿ ಖಂಡಿಸಿದನು. ನಿಸರ್ಗದ ದೊಡ್ಡ ನಿಯಮಗಳು ಉಚ್ಚ ಗಣಿತದ ಸಮೀಕರಣಗಳಿಂದಲೇ ಹೊರಡಬೇಕು. ಕೆಲವೇ ಸಾಲುಗಳ ಸರಳ ಬೀಜಗಣಿತದಿಂದ ದೊಡ್ಡ ಸತ್ಯ ಹುಟ್ಟಲಾರದು ಎಂಬುದು ಆತನ ವಾದ. ಸದ್ದು ಮಾಡುವ ವಸ್ತುವೂ ಕೇಳುವವನೂ ನಿಂತಲ್ಲೇ ನಿಂತಿರುವಾಗ ನಡುವಣ ಗಾಳಿ ಬೀಸಿದರೂ ಶ್ರುತಿ ಬದಲಾಗುವುದಿಲ್ಲವೆಂದು ಆತನು ತೋರಿಸಿದನು. ಆ ಮಾತು ನಿಜ. ಆದರೆ ಡಾಪ್ಲರನು ಹೇಳಿದ್ದು ಗಾಳಿಯ ಚಲನೆಯನ್ನಲ್ಲ, ಸದ್ದು ಮಾಡುವವನ ಮತ್ತು ಕೇಳುವವನ ಚಲನೆಯನ್ನು. ಇಬ್ಬರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದರು. ಆದರೂ ಸಭೆಯ ಒಲವು ಪೆಟ್ಸ್‌ವಾಲನ ಕಡೆಗೆ ವಾಲಿತು. ರೋಗದಿಂದ ಬಳಲಿದ್ದ ಡಾಪ್ಲರನಿಗೆ ವಾದವನ್ನು ಮುಂದುವರಿಸುವ ಶಕ್ತಿ ಉಳಿದಿರಲಿಲ್ಲ. ತನ್ನ ತತ್ತ್ವವನ್ನು ಮಾತ್ರ ಆತನು ಬಿಟ್ಟುಕೊಡಲಿಲ್ಲ.

ಬೆಚ್ಚನೆಯ ಹವೆಯಿಂದ ಗುಣವಾದೀತೆಂಬ ಆಸೆಯಿಂದ ಅದೇ ವರ್ಷದ ನವೆಂಬರಿನಲ್ಲಿ ಆತನು ಇಟಲಿಯ ವೆನಿಸ್ ನಗರಕ್ಕೆ ಹೊರಟನು. ಗುಣವಾಗಲಿಲ್ಲ. ಸುದ್ದಿ ತಿಳಿದು ಹೆಂಡತಿಯು ಅಲ್ಲಿಗೆ ಧಾವಿಸಿದಳು. 1853ರ ಮಾರ್ಚ್ 17ರಂದು ಡಾಪ್ಲರನು ಕೊನೆಯುಸಿರೆಳೆದನು. ಆಗ ಆತನ ವಯಸ್ಸು ಕೇವಲ 49. ನೀರಿನ ನಡುವಣ ಸಾನ್ ಮಿಕೆಲೆ ದ್ವೀಪದ ಸ್ಮಶಾನದಲ್ಲಿ ಆತನನ್ನು ಹೂಳಿದರು.

ಮನುಷ್ಯನು ಹೋದನು; ತತ್ತ್ವ ಉಳಿಯಿತು. ನಕ್ಷತ್ರದ ಬೆಳಕನ್ನು ರೋಹಿತವಾಗಿ ಬಿಡಿಸಿದಾಗ ಅದರಲ್ಲಿ ಕಪ್ಪು ರೇಖೆಗಳು ಕಾಣುತ್ತವೆ. ಬಣ್ಣದಲ್ಲಿ ಹುಡುಕಿದ ಬದಲಾವಣೆಯನ್ನು ಈ ರೇಖೆಗಳ ಸ್ಥಾನದಲ್ಲಿ ಹುಡುಕಬೇಕೆಂದು ಫ್ರಾನ್ಸಿನ ಫಿಜೋ 1848ರಲ್ಲಿಯೇ ಸೂಚಿಸಿದ್ದನು. 1868ರಲ್ಲಿ ಇಂಗ್ಲೆಂಡಿನ ವಿಲಿಯಂ ಹಗಿನ್ಸನು ಲುಬ್ಧಕ ನಕ್ಷತ್ರದ ಚಲನೆಯನ್ನು ಈ ಮಾರ್ಗದಿಂದಲೇ ಅಳೆಯಲು ಹೊರಟನು. ಡಾಪ್ಲರನ ತತ್ತ್ವವು ಹೀಗೆ ಆಕಾಶದಲ್ಲಿ ಗೆದ್ದಿತು. ಅದು ಮನುಷ್ಯನ ಎದೆಯನ್ನು ಪ್ರವೇಶಿಸಲು ಇನ್ನೂ ಸುಮಾರು ನೂರು ವರ್ಷ ಕಾಯಬೇಕಾಯಿತು.

ಮನುಷ್ಯನ ಕಿವಿಗೆ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಧ್ವನಿ ಮಾತ್ರ ಕೇಳಿಸುತ್ತದೆ. ಅದಕ್ಕೂ ಮೇಲಿನದು ಶ್ರವಣಾತೀತ ಧ್ವನಿ. 1880ರಲ್ಲಿ ಫ್ರಾನ್ಸಿನ ಪಿಯರ್ ಕ್ಯೂರಿ ಮತ್ತು ಆತನ ಅಣ್ಣ ಜಾಕ್ ಕ್ಯೂರಿ ಕೆಲವು ಸ್ಫಟಿಕಗಳನ್ನು ಒತ್ತಿದಾಗ ವಿದ್ಯುತ್ತು ಹುಟ್ಟುವುದನ್ನು ಕಂಡರು. ಅಂಥ ಸ್ಫಟಿಕಕ್ಕೆ ವಿದ್ಯುತ್ತನ್ನು ಹಾಯಿಸಿದರೆ ಅದು ಕಂಪಿಸಿ ಶ್ರವಣಾತೀತ ಧ್ವನಿಯನ್ನು ಹೊರಡಿಸುತ್ತದೆ. ಮರಳಿ ಬಂದ ಪ್ರತಿಧ್ವನಿಯನ್ನು ಮತ್ತೆ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಇದರಿಂದ ಮೊದಲು ಸಮುದ್ರದೊಳಗಿನ ಜಲಾಂತರ್ಗಾಮಿಗಳನ್ನೂ ಲೋಹದೊಳಗಿನ ಬಿರುಕುಗಳನ್ನೂ ಪತ್ತೆಮಾಡಿದರು. ಸ್ವೀಡನ್ನಿನ ಲುಂಡ್ ನಗರದಲ್ಲಿ ಇಂಗೆ ಎಡ್ಲರ್ ಎಂಬ ಹೃದಯವೈದ್ಯನೂ ಹೆಲ್ಮುಟ್ ಹರ್ಟ್ಸ್ ಎಂಬ ಭೌತವಿಜ್ಞಾನಿಯೂ ಇದ್ದರು. ಲೋಹಪರೀಕ್ಷೆಯ ಒಂದು ಯಂತ್ರವನ್ನು ಬಳಸಿ ಅವರು 1953ರ ಅಕ್ಟೋಬರ್ 29ರಂದು ಬದುಕಿರುವ ಮನುಷ್ಯನ ಹೃದಯದ ಪ್ರತಿಧ್ವನಿಗಳನ್ನು ದಾಖಲಿಸಿದರು. ಅದು ಡಾಪ್ಲರನು ತೀರಿಹೋಗಿ ಸರಿಯಾಗಿ ನೂರನೆಯ ವರ್ಷ. ಅದೇ ದಶಕದಲ್ಲಿ ಜಪಾನಿನ ಒಸಾಕಾದ ಶಿಗೆಯೊ ಸತೊಮುರಾ ಎಂಬ ವಿಜ್ಞಾನಿಯು ಡಾಪ್ಲರನ ತತ್ತ್ವವನ್ನು ಶ್ರವಣಾತೀತ ಧ್ವನಿಗೆ ಅನ್ವಯಿಸಿ, ಹೃದಯದ ಚಲನೆಯನ್ನು ಗುರುತಿಸಿದನು.

ಇದರಿಂದ ಹೃದಯಾಘಾತವಾದವನಿಗೆ ಏನು ಪ್ರಯೋಜನ? ಹೃದಯವು ಮಾಂಸಖಂಡದಿಂದಾದ ಒಂದು ಪಂಪು. ಆ ಮಾಂಸಖಂಡಕ್ಕೇ ರಕ್ತವನ್ನು ಉಣಿಸುವ ಚಿಕ್ಕ ನಾಳಗಳುಂಟು. ಅವುಗಳಲ್ಲೊಂದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋದರೆ, ಅದನ್ನು ನಂಬಿದ್ದ ಭಾಗವು ಕಾಲುವೆಯ ನೀರು ನಿಂತ ಹೊಲದ ಪೈರಿನಂತೆ ಸಾಯತೊಡಗುತ್ತದೆ. ಇದೇ ಹೃದಯಾಘಾತ. ಪೈರು ಒಣಗಲು ದಿನಗಳು ಬೇಕು. ಹೃದಯದ ಸ್ನಾಯುವಿಗೆ ಒಂದು ಗಂಟೆಯೂ ಬೇಡ. ಆದುದರಿಂದಲೇ ಎದೆನೋವು ಬಂದವನನ್ನು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಆಘಾತದ ಬಳಿಕ ವೈದ್ಯನ ಮುಂದಿರುವ ಮೊದಲ ಪ್ರಶ್ನೆ, ಹೃದಯದ ಶಕ್ತಿ ಎಷ್ಟು ಉಳಿದಿದೆ ಎಂಬುದು. ಎಕೋ ಪರೀಕ್ಷೆಯಲ್ಲಿ ಸೆಕೆಂಡಿಗೆ 20ರಿಂದ 50 ಲಕ್ಷ ಕಂಪನಗಳುಳ್ಳ ಧ್ವನಿಯನ್ನು ಎದೆಯೊಳಗೆ ಕಳುಹಿಸಿ, ಬಂದ ಪ್ರತಿಧ್ವನಿಗಳಿಂದ ಚಿತ್ರವನ್ನು ಕಟ್ಟುತ್ತಾರೆ. ಇಲ್ಲಿ ಸೂಜಿಯಿಲ್ಲ, ನೋವಿಲ್ಲ, ಕ್ಷ-ಕಿರಣವಿಲ್ಲ. ಆರೋಗ್ಯವಂತ ಹೃದಯದ ಗೋಡೆಯು ಪ್ರತಿ ಮಿಡಿತದಲ್ಲಿಯೂ ದಪ್ಪವಾಗಿ ಒಳಕ್ಕೆ ಸರಿಯುತ್ತದೆ. ಪೆಟ್ಟು ತಿಂದ ಭಾಗವು ಮಂದವಾಗಿ ಆಡುತ್ತದೆ, ಇಲ್ಲವೆ ಆಡದೆಯೇ ಉಳಿಯುತ್ತದೆ. ವೈದ್ಯರು ಎಡ ಹೃತ್ಕುಕ್ಷಿಯ ಗೋಡೆಯನ್ನು 17 ಭಾಗಗಳಾಗಿ ಮನಸ್ಸಿನಲ್ಲಿ ವಿಂಗಡಿಸಿಕೊಂಡು ಒಂದೊಂದನ್ನೂ ನೋಡುತ್ತಾರೆ. ಎಡ ಹೃತ್ಕುಕ್ಷಿಯು ತುಂಬಿದಾಗ ಅದರಲ್ಲಿ 120 ಮಿಲಿಲೀಟರ್ ರಕ್ತವಿದ್ದು, ಒಂದು ಮಿಡಿತಕ್ಕೆ 72 ಮಿಲಿಲೀಟರ್ ಹೊರಬಿದ್ದರೆ, ಹೊರಬಿದ್ದುದು ನೂರಕ್ಕೆ 60 ಪಾಲು. ಆರೋಗ್ಯವಂತನಲ್ಲಿ ಇದು ಸಾಮಾನ್ಯವಾಗಿ 50ಕ್ಕಿಂತ ಹೆಚ್ಚಾಗಿರುತ್ತದೆ. ಆಘಾತದ ಬಳಿಕ ಅದು 40ಕ್ಕೋ 30ಕ್ಕೋ ಇಳಿದರೆ, ಔಷಧವನ್ನೂ ವಿಶ್ರಾಂತಿಯನ್ನೂ ಅದಕ್ಕೆ ತಕ್ಕಂತೆ ನಿರ್ಧರಿಸಬೇಕಾಗುತ್ತದೆ. ಮೊದಲ ದಿನದ ಅಂಕಿಯೇ ಕೊನೆಯ ತೀರ್ಪಲ್ಲ. ಕೆಲವು ಭಾಗಗಳು ಸತ್ತಿರುವುದಿಲ್ಲ, ಬೆಚ್ಚಿ ಸ್ತಬ್ಧವಾಗಿರುತ್ತವೆ. ರಕ್ತ ಮತ್ತೆ ಹರಿದರೆ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ. ಅದಕ್ಕಾಗಿಯೇ ಪರೀಕ್ಷೆಯನ್ನು ಕೆಲಕಾಲದ ಬಳಿಕ ಮತ್ತೆ ಮಾಡುತ್ತಾರೆ.

ಇನ್ನು ಡಾಪ್ಲರನ ತತ್ತ್ವಕ್ಕೆ ಬರೋಣ. ಆಘಾತವಾದ ಕೆಲವು ದಿನಗಳಲ್ಲಿ ರೋಗಿಯ ಸ್ಥಿತಿ ಒಮ್ಮೆಗೇ ಕೆಡುವುದುಂಟು. ಸ್ಟೆತಾಸ್ಕೋಪಿನಲ್ಲಿ ಹೊಸದೊಂದು ಮರ್ಮರ ಸದ್ದು ಕೇಳುತ್ತದೆ. ಹೃದಯದ ಕವಾಟವನ್ನು ಹಿಡಿದಿರುವ ಸ್ನಾಯು ಹರಿದು ಕವಾಟವು ಸೋರುತ್ತಿರಬಹುದು. ಅಥವಾ ಎಡಬಲ ಹೃತ್ಕುಕ್ಷಿಗಳ ನಡುವಣ ಗೋಡೆಯಲ್ಲಿಯೇ ತೂತು ಬಿದ್ದಿರಬಹುದು. ಎರಡೂ ಪ್ರಾಣಾಂತಿಕ, ಆದರೆ ಎರಡಕ್ಕೂ ಮಾಡಬೇಕಾದ ಶಸ್ತ್ರಚಿಕಿತ್ಸೆ ಬೇರೆ. ಕಿವಿಗೆ ಎರಡೂ ಹೆಚ್ಚುಕಡಮೆ ಒಂದೇ ತರಹ ಕೇಳುತ್ತವೆ. ಇಲ್ಲಿ ಡಾಪ್ಲರನು ನೆರವಿಗೆ ಬರುತ್ತಾನೆ. ಧ್ವನಿಯು ಹರಿಯುತ್ತಿರುವ ರಕ್ತಕಣಗಳಿಗೆ ತಗುಲಿ ಮರಳುವಾಗ, ಅವು ನಮ್ಮತ್ತ ಬರುತ್ತಿದ್ದರೆ ಅದರ ಕಂಪನಸಂಖ್ಯೆ ಏರುತ್ತದೆ. ದೂರ ಹೋಗುತ್ತಿದ್ದರೆ ಇಳಿಯುತ್ತದೆ. ಸೆಕೆಂಡಿಗೆ 25 ಲಕ್ಷ ಕಂಪನಗಳ ಧ್ವನಿಯು, ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹರಿಯುವ ರಕ್ತಕ್ಕೆ ತಗುಲಿದರೆ, ವ್ಯತ್ಯಾಸವು ಸುಮಾರು 3,200 ಕಂಪನಗಳಷ್ಟಾಗುತ್ತದೆ. ಈ ವ್ಯತ್ಯಾಸ ನಮ್ಮ ಕಿವಿಗೆ ಕೇಳುವ ಮಿತಿಯೊಳಗೇ ಇದೆ. ಪರೀಕ್ಷೆಯ ವೇಳೆ ಯಂತ್ರದಿಂದ ಹೊರಡುವ ಬುಸುಗುಡುವ ಸದ್ದು ಇದೇ. 1980ರ ದಶಕದ ಆರಂಭದಲ್ಲಿ ಜಪಾನಿನವರು ಈ ವೇಗಗಳಿಗೆ ಬಣ್ಣ ಕೊಡುವ ವಿಧಾನವನ್ನು ರೂಢಿಗೆ ತಂದರು. ಸಾಮಾನ್ಯ ಸಂಪ್ರದಾಯದಂತೆ, ಉಪಕರಣದತ್ತ ಬರುವ ರಕ್ತವು ಕೆಂಪು, ದೂರ ಹೋಗುವುದು ನೀಲಿ. ರಕ್ತವು ಸಲ್ಲದ ದಾರಿಯಲ್ಲಿ ನುಗ್ಗಿದರೆ ಬಣ್ಣಗಳು ಕಲಸಿ ಚಿಮ್ಮುತ್ತವೆ. ಸೋರಿಕೆಯೋ ತೂತೋ ಎಂಬುದು ಹಾಸಿಗೆಯ ಬಳಿಯಲ್ಲಿಯೇ ತಿಳಿಯುತ್ತದೆ. ಡಾಪ್ಲರನು ನಕ್ಷತ್ರಗಳಲ್ಲಿ ಕಾಣಬಯಸಿದ ಬಣ್ಣ ಅಲ್ಲಿರಲಿಲ್ಲ. ಮನುಷ್ಯರೇ ಅದನ್ನು ಆತನ ಹೆಸರಿನಲ್ಲಿ ಹೃದಯದ ಚಿತ್ರಕ್ಕೆ ಹಚ್ಚಿದರು.

ವೇಗವು ತಿಳಿದರೆ ಒತ್ತಡವೂ ತಿಳಿಯುತ್ತದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟಿನಲ್ಲಿ ಘಟಪ್ರಭೆಯ ನೀರು ಎತ್ತರಕ್ಕೆ ನಿಂತಷ್ಟೂ ಬಾಗಿಲಿನ ಸಂದಿನಿಂದ ಅದು ಹೆಚ್ಚು ವೇಗವಾಗಿ ಚಿಮ್ಮುತ್ತದೆ. ಮೂಡಲಗಿಯ ಕಡೆಯ ರೈತನೂ ಕಾಲುವೆಯ ತೂಬಿನಿಂದ ನೀರು ಬರುವ ರಭಸವನ್ನು ನೋಡಿಯೇ ಕಾಲುವೆ ಎಷ್ಟು ತುಂಬಿದೆಯೆಂದು ಹೇಳಬಲ್ಲನು. ಹೃದಯದಲ್ಲಿಯೂ ಹೀಗೆಯೇ. ಸೆಕೆಂಡಿಗೆ ಎಷ್ಟು ಮೀಟರ್ ಎಂಬ ರಕ್ತದ ವೇಗವನ್ನು ಅದರಿಂದಲೇ ಗುಣಿಸಿ, ಮತ್ತೆ ನಾಲ್ಕರಿಂದ ಗುಣಿಸಿದರೆ, ಎರಡು ಕಡೆಯ ಒತ್ತಡಗಳ ಅಂತರವು ಪಾದರಸದ ಮಿಲಿಮೀಟರುಗಳಲ್ಲಿ ದೊರೆಯುತ್ತದೆ. ವೇಗ 4 ಮೀಟರ್ ಆದರೆ ಅಂತರ 64 ಮಿಲಿಮೀಟರ್. ನಾರ್ವೆಯ ವೈದ್ಯೆ ಲಿವ್ ಹಾಟ್ಲೆ ಮತ್ತು ಆಕೆಯ ಸಹೋದ್ಯೋಗಿಗಳು 1970ರ ದಶಕದಲ್ಲಿ ಈ ಲೆಕ್ಕವನ್ನು ರೋಗಿಗಳ ಮೇಲೆ ಪರೀಕ್ಷಿಸಿ ಬಳಕೆಗೆ ತಂದರು. ಹಿಂದೆ ರಕ್ತನಾಳದೊಳಗೆ ನಳಿಗೆಯನ್ನು ತೂರಿಸಿ ಅಳೆಯಬೇಕಾಗಿದ್ದುದನ್ನು ಹೀಗೆ ಚರ್ಮದ ಮೇಲಿನಿಂದಲೇ ತಿಳಿಯುವಂತಾಯಿತು. ದೊಡ್ಡ ಸತ್ಯವು ಸರಳ ಬೀಜಗಣಿತದಿಂದ ಹುಟ್ಟಲಾರದೆಂದ ಪೆಟ್ಸ್‌ವಾಲನಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ?

ಈ ಪರೀಕ್ಷೆಗೂ ಮಿತಿಗಳುಂಟು. ಮುಚ್ಚಿಹೋದ ನಾಳವನ್ನು ಇದು ಸಾಮಾನ್ಯವಾಗಿ ನೇರವಾಗಿ ತೋರಿಸದು. ಅದಕ್ಕೆ ಆಂಜಿಯೋಗ್ರಾಂ ಬೇಕು. ಧ್ವನಿಯು ರಕ್ತದ ಹರಿವಿಗೆ ಅಡ್ಡಲಾಗಿ ಬಿದ್ದರೆ ವೇಗವು ಸರಿಯಾಗಿ ತಿಳಿಯದು. ಆದುದರಿಂದಲೇ ವೈದ್ಯನು ಉಪಕರಣವನ್ನು ಅತ್ತಿತ್ತ ವಾಲಿಸಿ, ಹರಿವಿನ ಜಾಡನ್ನು ಹುಡುಕುತ್ತಾನೆ. ಯಂತ್ರವಿದ್ದರೆ ಸಾಲದು, ಪಳಗಿದ ಕೈಯೂ ಕಣ್ಣೂ ಬೇಕು.

ಡಾಪ್ಲರನು ಮೇಧಾವಿಯಾಗಿದ್ದನು; ಆದರೆ ಮೇಧಾವಿಗೆ ದೊರೆಯಬೇಕಾದ ನೆಮ್ಮದಿ ಆತನಿಗೆ ದೊರೆಯಲಿಲ್ಲ. ದೇಹ ದುರ್ಬಲ, ಉದ್ಯೋಗ ಅಸ್ಥಿರ, ಪಂಡಿತರ ಸಭೆಯಲ್ಲಿ ಸೋಲು. ಆದರೂ ಆತನು ಕಂಡ ಸತ್ಯಕ್ಕೆ ಸಭೆಯ ಒಪ್ಪಿಗೆ ಬೇಕಿರಲಿಲ್ಲ. ಪ್ರಯೋಗದ ಒಪ್ಪಿಗೆ ಸಾಕಾಗಿತ್ತು. ಆತನ ತಪ್ಪನ್ನು ಕಾಲವು ತೂರಿಬಿಟ್ಟಿತು, ಕಾಳನ್ನು ಉಳಿಸಿಕೊಂಡಿತು. ಆ ಕಾಳಿನಿಂದ ಬೆಳೆದ ಬೆಳೆ ಇಂದು ಗೋಕಾಕ, ಮೂಡಲಗಿ, ಹುಕ್ಕೇರಿಗಳ ರೈತನಿಗೂ ನೇಕಾರನಿಗೂ ಸಲ್ಲುತ್ತಿದೆ. ಆಘಾತದಿಂದ ಚೇತರಿಸಿಕೊಂಡ ಒಬ್ಬ ರೈತನಿಗೆ ವೈದ್ಯನು, ಆತನ ಹೃದಯದ ಗೋಡೆ ಮತ್ತೆ ಆಡತೊಡಗಿದೆ, ಕವಾಟ ಸೋರುತ್ತಿಲ್ಲ, ನಿಧಾನವಾಗಿ ಹೊಲದ ಕೆಲಸಕ್ಕೆ ಮರಳಬಹುದು ಎಂದು ಧೈರ್ಯವಾಗಿ ಹೇಳುವಾಗ, ಆ ಧೈರ್ಯದಲ್ಲಿ ಡಾಪ್ಲರನದೂ ಒಂದು ಪಾಲುಂಟು.